ಮಳೆಗಾಲದ ಕಂಪೈಲು
ಸಾಫ್ಟ್‌ವೇರನ್ನು ಸೋರ್ಸ್ ಕೋಡಿನಿಂದ ನಾವೇ ಕಂಪೈಲ್ ಮಾಡಿಕೊಳ್ಳಬೇಕು ಎನ್ನುವವರು ಆಷಾಢದಲ್ಲೊಮ್ಮೆ ಸಿದ್ದಾಪುರದ ಕಡೆ ಬರಬೇಕು. 2002ರಲ್ಲಿ 1.0 ಆವೃತ್ತಿ ಕಂಡ ಜೆಂಟೂ ಲಿನಕ್ಸಿನ ಕ್ರಮವೇ ಅದು. ಒಂದು ಬ್ರೌಸರಿಗೆ ಗಂಟೆಗಟ್ಟಲೆ ಬೇಕು. ನಡುವೆ ತಂತಿಯ ಮೇಲೆ ಮರ ಬಿದ್ದು ಇನ್ವರ್ಟರೂ ಸೋತಿತೋ, ಆ ಪ್ಯಾಕೇಜು ಮತ್ತೆ ಮೊದಲಿಂದ! ಡೆಬಿಯನ್ನಿನ ಸಿದ್ಧ ಪ್ಯಾಕೇಜಾದರೆ ಕರೆಂಟು ಬಂದು ಹೋಗುವುದರೊಳಗೆ ಕೆಲಸ ಮುಗಿದಿರುತ್ತದೆ. ನಾನಂತೂ ಸಿದ್ಧದ ಪಕ್ಷ.

ಮನೆಯಲ್ಲಿ ಈ ವಾದ ನಡೆಯುವುದಿಲ್ಲ. ಶಿರಸಿ ಪೇಟೆಯಲ್ಲಿ ಬಾಟಲಿ ಸಿಕ್ಕರೂ ಅಪ್ಪೆಮಿಡಿ ತಂದು ಉಪ್ಪಿನಕಾಯಿ ಮನೆಯಲ್ಲೇ ಹಾಕಬೇಕು, ಖಾರ ನಮ್ಮ ಹದಕ್ಕೆ. ಕಂಪೈಲಿನ ರುಚಿಯೂ ಅದೇ: ಬೇಡದ್ದನ್ನು ಬಿಟ್ಟು, ನಮ್ಮ ಯಂತ್ರದ ಹದಕ್ಕೆ. ಆದರೆ ಡೆಬಿಯನ್ನಿನ ಪ್ಯಾಕೇಜಿಗೆ ಅದರ ಸೋರ್ಸೂ ಸಿಗುತ್ತದೆ, ಅನುಮಾನ ಬಂದರೆ ತೆಗೆದು ನೋಡಬಹುದು. ಬಾಟಲಿಯದು ಯಾವ ಮರದ ಮಿಡಿ ಎಂದು ಯಾರು ಹೇಳುತ್ತಾರೆ?

2023ರ ಡಿಸೆಂಬರಿನಲ್ಲಿ ಜೆಂಟೂದವರೂ ದೊಡ್ಡ ಪ್ರಮಾಣದಲ್ಲಿ ಸಿದ್ಧ ಪ್ಯಾಕೇಜು ಕೊಡತೊಡಗಿದರು. ಅವರೂರಲ್ಲೂ ಮಳೆ ಜೋರಿರಬೇಕು.