ತಲೆ ಹೋದ ಬೋಲ್ಟು

ಕಾರಿನ ಬ್ರೇಕ್ ಪ್ಯಾಡ್ ಬದಲಿಸೋದು ಹೆಚ್ಚೆಂದರೆ ಎರಡು ತಾಸಿನ ಕೆಲಸ ಅಂತ ಎಲ್ಲ ವಿಡಿಯೋಗಳೂ ಹೇಳುತ್ತವೆ. ನನಗೆ ಎರಡು ದಿನ ಹಿಡಿಯಿತು. ಅದರಲ್ಲಿ ಒಂದೂವರೆ ದಿನ ಕಳೆದದ್ದು ಒಂದೇ ಒಂದು ಬೋಲ್ಟಿನ ಮುಂದೆ.

ನನ್ನದು ಹಳೆಯ ಆಲ್ಟೋ. ದಾಂಡೇಲಿಯ ಮನೆಯಿಂದ ಜೋಯಿಡಾದ ಶಾಲೆಗೆ ದಿನಾ ಅದರಲ್ಲೇ ಓಡಾಟ. ಆ ರಸ್ತೆ ಗೊತ್ತಿದ್ದವರಿಗೆ ನಾನು ಹೇಳಬೇಕಾದ್ದೇನೂ ಇಲ್ಲ. ಸೂಪಾ ಅಣೆಕಟ್ಟಿನ ಗಣೇಶಗುಡಿ ಬಂತೆಂದರೆ ಏರು, ತಿರುವು, ಇಳಿಜಾರು, ಮತ್ತೆ ತಿರುವು. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡೋದಿಲ್ಲ. ನಮ್ಮ ಕಡೆ ಕಪಾಟಿನೊಳಗೆ ತೂಗುಹಾಕಿದ ಬೆಲ್ಟಿಗೇ ಬೂಷ್ಟು ಹಿಡಿಯುತ್ತದೆ. ಇನ್ನು ನಾಲ್ಕು ತಿಂಗಳು ಕೆಸರು ಕುಡಿದ ಚಕ್ರದ ಹಿಂದಿನ ಬೋಲ್ಟುಗಳ ಗತಿ ಏನಾಗಿರಬೇಕು ಅಂತ ನಾನು ಯೋಚಿಸಿರಲೇ ಇಲ್ಲ.

ದಸರಾ ರಜೆ ಬರುವ ಹೊತ್ತಿಗೆ ಬ್ರೇಕ್ ಒತ್ತಿದಾಗೆಲ್ಲ ಮುಂದಿನ ಚಕ್ರಗಳಿಂದ ಕೀರಲು ಸದ್ದು ಶುರುವಾಯಿತು. ಕೆಲವು ಪ್ಯಾಡುಗಳಿಗೆ ಒಂದು ಸಣ್ಣ ತಗಡು ಇರುತ್ತದೆ. ಪ್ಯಾಡು ಸವೆದಾಗ ಅದು ಡಿಸ್ಕಿಗೆ ಉಜ್ಜಿ ಹೀಗೆ ಕಿರುಚುತ್ತದೆ, ಎಚ್ಚರಿಸಲಿಕ್ಕೆಂದೇ ಇಟ್ಟದ್ದು. ಹೊಸ ಪ್ಯಾಡಿನ ಉಜ್ಜುವ ಭಾಗ ಸುಮಾರು 10 ಮಿಲಿಮೀಟರ್ ದಪ್ಪ ಇರುತ್ತದೆ. 3ಕ್ಕೆ ಬಂತೆಂದರೆ ಬದಲಿಸಿಬಿಡಬೇಕು. ನನ್ನದು 2ಕ್ಕೆ ಬಂದಿತ್ತು.

ಸೋಮವಾರ ಮುಂಡಗೋಡಕ್ಕೆ ಹೋಗುವುದಿತ್ತು. ಅಲ್ಲಿರುವ ತಂಗಿಗೆ ಏಳು ತುಂಬಿತ್ತು. ಸೀಮಂತ ಮುಗಿಸಿ ಅವಳನ್ನು ಬಾಣಂತನಕ್ಕೆ ತವರಿಗೆ ಕರಕೊಂಡು ಬರಬೇಕು. ಯಲ್ಲಾಪುರದ ಮೇಲೆ ಕಾಡಿನ ರಸ್ತೆ. ಹಾಗಾಗಿ ಶನಿವಾರ ಬೆಳಿಗ್ಗೆಯೇ ಜ್ಯಾಕ್ ತೆಗೆದೆ.

ಗ್ಯಾರೇಜಿಗೆ ಯಾಕೆ ಹೋಗಲಿಲ್ಲ? ದುಡ್ಡು ಉಳಿಯುತ್ತದೆ ಅಂತ ಹೆಂಡತಿಗೆ ಹೇಳಿದೆ. ಅದು ಅರ್ಧ ಸತ್ಯ. ನಾನು ಫಿಟ್ಟರ್‌ನ ಮಗ. ಅಪ್ಪ ಇಲ್ಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲಿನಲ್ಲಿ ಮೂವತ್ತೆರಡು ವರ್ಷ ಪಾನಾ ಹಿಡಿದವರು. ರಿಟೈರ್ ಆದಮೇಲೂ ಓಣಿಯವರ ಪಂಪು, ಸೈಕಲ್ಲು, ಮಿಕ್ಸರ್ ಎಲ್ಲ ನಮ್ಮ ಕಟ್ಟೆಯ ಮೇಲೆಯೇ ರಿಪೇರಿ ಆಗುತ್ತಿದ್ದವು. ಎರಡು ವರ್ಷದಿಂದ ಅವರ ಕೈ ನಡುಗುತ್ತದೆ. ಚಹಾದ ಕಪ್ಪು ಬಸಿಯ ಮೇಲೆ ಟಕಟಕ ಅನ್ನುತ್ತದೆ. ಒಮ್ಮೆ ಸ್ಕ್ರೂಡ್ರೈವರ್ ಜಾರಿ ಅಂಗೈಗೆ ಚುಚ್ಚಿಕೊಂಡ ಮೇಲೆ ಅವರ ಹತ್ಯಾರದ ಟ್ರಂಕನ್ನು ನಾನೇ ಮಂಚದ ಕೆಳಗೆ ತಳ್ಳಿದ್ದೆ. ‘ಇನ್ ಸಾಕು ಬಿಡಪ್ಪಾ’ ಅಂದಿದ್ದೆ. ಅವರು ಏನೂ ಅಂದಿರಲಿಲ್ಲ. ಶನಿವಾರ ಅದೇ ಟ್ರಂಕನ್ನು ಅವರನ್ನು ಕೇಳದೇ ಹೊರಗೆಳೆದೆ.

ಎಡಗಡೆಯ ಚಕ್ರ ಸಲೀಸಾಗಿ ಆಯಿತು. ಕೆಳಗಿನ ಬೋಲ್ಟು ಬಿಚ್ಚಿ, ಕ್ಯಾಲಿಪರ್ ಮೇಲೆತ್ತಿ, ಹಳೇ ಪ್ಯಾಡ್ ತೆಗೆದು, ಪಿಸ್ಟನ್ ಒಳಗೆ ಒತ್ತಿ ಹೊಸತು ಕೂರಿಸಿದೆ. ಮುಕ್ಕಾಲು ತಾಸು. ಇಷ್ಟಕ್ಕೆ ಜನ ಗ್ಯಾರೇಜಿಗೆ ಯಾಕೆ ಹೋಗ್ತಾರಪ್ಪಾ ಅಂತ ಬೀಗಿದೆ.

ಬಲಗಡೆಯ ಬೋಲ್ಟು ಅಲ್ಲಾಡಲಿಲ್ಲ. ರಿಂಗ್ ಪಾನಾ ಹುಡುಕಲು ಬೇಜಾರಾಗಿ ಬಾಯಿ ತೆರೆದ ಪಾನಾವನ್ನೇ ಹಾಕಿ ಕಾಲಿನಿಂದ ಒದ್ದೆ. ‘ಕಟಕ್’ ಅಂತು. ಬಂತು ಅಂದುಕೊಂಡೆ. ಬಂದಿರಲಿಲ್ಲ, ಬೋಲ್ಟಿನ ಎರಡು ಮೂಲೆ ಹಾರಿದ್ದವು. ಆಮೇಲೆ ಇನ್ನೊಂದು ಹೊಳೆಯಿತು. ಈ ಬೋಲ್ಟಿನ ತಲೆ ಇರೋದು ಒಳಮುಖಕ್ಕೆ, ನಾನು ನೋಡುತ್ತಿದ್ದದ್ದು ಹೊರಗಿನಿಂದ. ಎಡಕ್ಕೆ ತಿರುಗಿಸಿದರೆ ಸಡಿಲ ಅನ್ನುವ ಲೆಕ್ಕ ಇಲ್ಲಿ ತಿರುಗುಮುರುಗು. ಅಷ್ಟು ಹೊತ್ತೂ ನಾನು ಅದನ್ನು ಬಿಗಿ ಮಾಡುತ್ತಿದ್ದೆ!

ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಸಿಟ್ಟು ಬಂದಿತ್ತು. ಹನ್ನೆರಡು ಮೂಲೆಯ ರಿಂಗ್ ಪಾನಾ ಹಾಕಿದೆ, ಅದೂ ಜಾರಿತು. ಪೈಪ್ ಪಾನಾ ಹಾಕಿದೆ, ಅದು ಉಳಿದದ್ದನ್ನೂ ಕೆತ್ತಿತು. ಮಧ್ಯಾಹ್ನದ ಹೊತ್ತಿಗೆ ಆರು ಮೂಲೆಯ ಬೋಲ್ಟು ಗೋಲಿಯ ಹಾಗೆ ಗುಂಡಗಾಗಿತ್ತು. ನನ್ನ ಮೂರು ಗೆಣ್ಣುಗಳ ಚರ್ಮ ಕಿತ್ತಿತ್ತು.

ಕಟ್ಟೆಯ ಮೇಲಿಂದ ಅಪ್ಪ ಕೇಳಿದರು, ‘ಜಾರಿತೇನ?’

‘ಇಲ್ಲಪ್ಪಾ, ಸ್ವಲ್ಪ ಬಿಗಿ ಐತಿ ಅಷ್ಟ’ ಅಂದೆ. ಅವರು ಪೇಪರಿನ ಪುಟ ತಿರುವಿದರು. ಸದ್ದು ಕೇಳಿಯೇ ಅವರಿಗೆ ಗೊತ್ತಾಗಿತ್ತು ಅನ್ನೋದು ನನಗೂ ಗೊತ್ತಿತ್ತು.

ರಾತ್ರಿ ಮಲಗಿದಾಗ ಒಂದು ಕೆಟ್ಟ ಲೆಕ್ಕ ಹಾಕಿದೆ. ಬಿಚ್ಚದ ಬೋಲ್ಟು ಬಿಗಿಯಾಗಿಯೇ ಇದೆಯಲ್ಲ. ಬಲಗಡೆ ಹಳೇ ಪ್ಯಾಡೇ ಇರಲಿ. ಚಕ್ರ ಹಾಕಿ ನಿಧಾನ ಹೋಗಿಬಂದರಾಯಿತು, ಯಾರಿಗೆ ಗೊತ್ತಾಗುತ್ತದೆ? ಒಂದು ಬದಿ ಹೊಸತು, ಒಂದು ಬದಿ ಸವೆದದ್ದು ಇದ್ದರೆ ಜೋರಾಗಿ ಬ್ರೇಕ್ ಒತ್ತಿದಾಗ ಕಾರು ಒಂದು ಕಡೆಗೆ ಎಳೆಯಬಹುದು, ಸವೆದ ಪ್ಯಾಡು ಮುಗಿದರೆ ಕಬ್ಬಿಣಕ್ಕೆ ಕಬ್ಬಿಣ. ಇದೆಲ್ಲ ತಿಳಿದಿದ್ದೂ ಆ ಲೆಕ್ಕವನ್ನು ಮತ್ತೆ ಮತ್ತೆ ಹಾಕಿದೆ. ಹಿಂದಿನ ಸೀಟಿನಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ಕೂತ ತಂಗಿ ಕಣ್ಣಮುಂದೆ ಬಂದ ಮೇಲೆ ಎದ್ದು ನೀರು ಕುಡಿದೆ. ನಾನು ಅವಳ ಪ್ರಾಣವನ್ನು ಒತ್ತೆ ಇಡಲು ಹೊರಟದ್ದು ಅಪ್ಪನ ಹತ್ತಿರ ‘ಜಾರಿತು’ ಅನ್ನಲು ನಾಚಿಕೊಂಡು!

ಭಾನುವಾರ ಆರು ಗಂಟೆಗೆ ಅಂಗಳಕ್ಕೆ ಬಂದರೆ ಅಪ್ಪ ಆಗಲೇ ಸ್ಟೂಲ್ ಹಾಕಿ ಚಕ್ರದ ಪಕ್ಕ ಕೂತು ಟಾರ್ಚ್ ಬಿಡುತ್ತಿದ್ದರು.

‘ಅಪ್ಪಾ, ಜಾರೇತಿ’ ಅಂದೆ.

‘ನೋಡಿದೆ. ಆಟೆ ಹೋಗಿಲ್ಲ ತಮ್ಮಾ, ತಲಿ ಅಷ್ಟ ಹೋಗೇತಿ. ತಲಿ ಹೋದ್ರ ದಾರಿ ಐತಿ.’

ಬೋಲ್ಟಿನ ಮೈಮೇಲಿನ ಸುರುಳಿಗೆ ನಮ್ಮ ಕಡೆಯ ಮಿಸ್ತ್ರಿಗಳು ಆಟೆ ಅನ್ನುತ್ತಾರೆ. ಕಬ್ಬಿಣ ತುಕ್ಕಾದಾಗ ಉಬ್ಬುತ್ತದೆ, ಹೆಚ್ಚು ಜಾಗ ಬೇಡುತ್ತದೆ. ಆಟೆಗಳ ನಡುವಿನ ಕೂದಲೆಳೆಯಷ್ಟು ಸಂದಿಯಲ್ಲಿ ಅದು ಬೆಣೆಯ ಹಾಗೆ ಕೂತಿರುತ್ತದೆ. ಬರೇ ತೋಳಿನ ಜೋರು ಹಾಕಿದರೆ ಬೆಣೆ ಅಲ್ಲಾಡೋದಿಲ್ಲ, ತಲೆ ಹಾರುತ್ತದೆ. ಮೊದಲು ತಂತಿ ಬ್ರಶ್ಶಿನಿಂದ ಉಜ್ಜಬೇಕು, ಎಣ್ಣೆ ಬಿಟ್ಟು ಕಾಯಬೇಕು, ಸುತ್ತಿಗೆಯಿಂದ ಸಣ್ಣಗೆ ತಟ್ಟುತ್ತಿರಬೇಕು. ತಟ್ಟಿದಾಗ ತುಕ್ಕು ಬಿರುಕುಬಿಡುತ್ತದೆ, ಬಿರುಕಿನಲ್ಲಿ ಎಣ್ಣೆ ಇಳಿಯುತ್ತದೆ.

ನಾನು ಡಬ್ಲ್ಯೂಡಿ-40 ಡಬ್ಬಿ ತಂದು ಬುಸ್ ಅನ್ನಿಸಲು ಹೋದೆ. ಅಪ್ಪ ಕೈ ಅಡ್ಡ ಹಿಡಿದರು. ಡಿಸ್ಕಿಗೂ ಪ್ಯಾಡಿಗೂ ಎಣ್ಣೆ ತಾಗಿದರೆ ಬ್ರೇಕೇ ಹಿಡಿಯೋದಿಲ್ಲ. ಪ್ಲಾಸ್ಟಿಕ್ ಚೀಲ ಮುಚ್ಚಿ ಬೋಲ್ಟಿಗಷ್ಟೇ ಬಿಟ್ಟೆವು. ಈ ಡಬ್ಬಿಯ ಕಥೆ ಆಮೇಲೆ ಓದಿದೆ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಅದನ್ನು ಮಾಡಿದ್ದು ನೀರು ಓಡಿಸಿ ತುಕ್ಕು ತಡೆಯಲಿಕ್ಕೆ. ಹೆಸರಿನ 40 ಅಂದರೆ ನಲವತ್ತನೆಯ ಪ್ರಯತ್ನ. ನಾನು ಮೂರನೆಯದಕ್ಕೇ ಸಿಟ್ಟಾಗಿದ್ದೆ.

‘ಗ್ಯಾಸಿನ ಬೆಂಕಿ ಹಿಡಿಯೋಣೇನು?’ ಅಂತ ಕೇಳಿದೆ. ಕಾಯಿಸಿದರೆ ಜಾಮ್ ಆದ ಬೋಲ್ಟು ಬಿಡುತ್ತದೆ, ನಿಜ. ಆದರೆ ಇಲ್ಲಿ ಪಕ್ಕದಲ್ಲೇ ಪಿನ್ನಿನ ರಬ್ಬರ್ ಟೋಪಿ, ಬ್ರೇಕ್ ಆಯಿಲಿನ ಪೈಪು. ಈಗಷ್ಟೇ ಬಿಟ್ಟ ಎಣ್ಣೆ ಬೇರೆ. ಅಪ್ಪ ನನ್ನನ್ನು ನೋಡಿದ ರೀತಿಗೆ ಆ ಪ್ರಶ್ನೆ ಅಲ್ಲೇ ಮುಗಿಯಿತು.

ಬೇಕಾದ್ದು ಆರು ಮೂಲೆಯ ಗೋಟಿ, ಬೋಲ್ಟಿಗಿಂತ ಒಂದು ನಂಬರ್ ಸಣ್ಣದು. ಹನ್ನೆರಡು ಮೂಲೆಯದು ತುದಿಗಳನ್ನು ಹಿಡಿಯುತ್ತದೆ, ಆರು ಮೂಲೆಯದು ಮಗ್ಗುಲನ್ನು ಹಿಡಿಯುತ್ತದೆ. ಟ್ರಂಕಿನಲ್ಲಿ ಅದಿರಲಿಲ್ಲ. ದಾಂಡೇಲಿಯಲ್ಲಿ ನಾನು ವಿಚಾರಿಸಿದ ಕಡೆಯೂ ಸಿಗಲಿಲ್ಲ. ಎಣ್ಣೆ ಇಳಿಯಲಿ ಅಂತ ಬಿಟ್ಟು ಬಸ್ ಹಿಡಿದು ಹಳಿಯಾಳಕ್ಕೆ ಹೋದೆ. ಗೋಟಿಯ ಜೊತೆ ಹೊಸ ಬೋಲ್ಟನ್ನೂ ಕೇಳಿದೆ. ಅಂಗಡಿಯವರು ನನ್ನ ಗೆಣ್ಣು ನೋಡಿ, ‘ಹಳೇದು ಹೊರಗ ಬಂತೇನ್ರಿ?’ ಅಂದರು. ಇಲ್ಲ ಅಂದೆ. ‘ಧೈರ್ಯ ಐತಿ ಬಿಡ್ರಿ’ ಅಂತ ನಕ್ಕರು. ಬರುವಾಗ ಬಸ್ಸಿನಲ್ಲೇ ತೀರ್ಮಾನ ಮಾಡಿದೆ. ಇವತ್ತು ಬರದಿದ್ದರೆ ತಂಗಿಗೆ ಬಾಡಿಗೆ ಕಾರು. ಇದನ್ನು ಗ್ಯಾರೇಜಿನವರು ತಲೆಗೆ ನಟ್ಟು ವೆಲ್ಡ್ ಮಾಡಿಯೋ ಡ್ರಿಲ್ ಹೊಡೆದೋ ತೆಗೆಯಲಿ. ಹಾಗೆ ತೀರ್ಮಾನ ಆದ ಮೇಲೆ ಎದೆಯ ಭಾರ ಇಳಿಯಿತು.

ಮೂರು ಗಂಟೆಗೆ ಕೂತೆವು. ಗೋಟಿಯನ್ನು ಬೋಲ್ಟಿನ ತಲೆಗೆ ಬಡಿದು ಕೂರಿಸಬೇಕು, ಒಬ್ಬರು ನೆಟ್ಟಗೆ ಹಿಡಿಯಬೇಕು. ಅಪ್ಪ ಕೈ ಚಾಚಿದರು. ನಾನು ಸುತ್ತಿಗೆ ಎತ್ತಿ ಹಾಗೇ ನಿಂತೆ. ಅವರ ಕೈಯಲ್ಲಿ ಗೋಟಿಯ ಕಂಬಿ ನಡುಗುತ್ತಿತ್ತು.

‘ಬಡಿ. ಬಡಿಯೋ ಮುಂದ ಎಲ್ಲಾರ ಕೈನೂ ನಡಗತಾವ.’

ಬಡಿದೆ. ನಾಲ್ಕನೇ ಪೆಟ್ಟಿಗೆ ಗೋಟಿ ಕಚ್ಚಿಕೊಂಡಿತು. ಬಿಚ್ಚುವ ದಿಕ್ಕಿಗೆ ಎಳೆಯಲು ಹೋದರೆ ಅಪ್ಪ, ‘ಮೊದಲ ಬಿಗಿ ಮಾಡು, ಒಂದ ಕೂದಲೆಳಿ ಅಷ್ಟ. ಆಮ್ಯಾಲ ಸಡ್ಲ ಮಾಡು’ ಅಂದರು. ತುಕ್ಕಿನ ಹಿಡಿತ ಮುರಿಯಲು ಯಾವ ದಿಕ್ಕಾದರೂ ಸರಿ, ಒಮ್ಮೆ ಮುರಿದರೆ ಸಾಕು. ಕೂದಲೆಳೆ ಬಿಗಿ, ಕೂದಲೆಳೆ ಸಡಿಲ. ಐದಾರು ಸಲ ಹಾಗೆ ಆದಮೇಲೆ ‘ಕಿರ್‌ರ್’ ಅಂತ ಒಂದು ಒಣ ಸದ್ದು ಬಂತು. ಶನಿವಾರದ ‘ಕಟಕ್’ ಅಲ್ಲ ಅದು. ಜಾರುವಾಗ ಪಾನಾ ಕೈಯಿಂದ ಒಮ್ಮೆಲೇ ಹಾರುತ್ತದೆ. ಬಿಡುವಾಗ ಭಾರ ಕೈಯಲ್ಲೇ ಇರುತ್ತದೆ, ನಿಧಾನ ಕಡಿಮೆಯಾಗುತ್ತದೆ. ಈ ವ್ಯತ್ಯಾಸ ವಿಡಿಯೋದಲ್ಲಿ ಕಾಣೋದಿಲ್ಲ.

ಉಳಿದದ್ದು ಬೇಗ ಆಯಿತು. ಪಿನ್ನು ಒರೆಸಿ ಬ್ರೇಕಿಗೆಂದೇ ಬರುವ ಗ್ರೀಸ್ ಹಚ್ಚಿದೆ. ಹೊಸ ಬೋಲ್ಟನ್ನು ಮೊದಲು ಬೆರಳಿನಿಂದಲೇ ನಾಲ್ಕು ಸುತ್ತು ಹಾಕಿ ಆಮೇಲೆ ಪಾನಾ ಹಿಡಿದೆ. ಕಾರು ಅಲುಗಿಸುವ ಮೊದಲು ಗಟ್ಟಿಯಾಗುವ ತನಕ ಪೆಡಲ್ ಒತ್ತಬೇಕು. ಪಿಸ್ಟನ್ ಹಿಂದೆ ಹೋಗಿರುವುದರಿಂದ ಮೊದಲ ಕೆಲವು ಸಲ ಬ್ರೇಕ್ ಇರೋದೇ ಇಲ್ಲ. ಅದನ್ನು ಮರೆತು ಗೇಟಿಗೆ ಗುದ್ದಿದವರಿದ್ದಾರೆ. ಬ್ರೇಕ್ ಆಯಿಲಿನ ಮಟ್ಟ ನೋಡಿ, ಓಣಿಯಲ್ಲಿ ನಡಿಗೆಯ ವೇಗದಲ್ಲಿ ಹತ್ತು ಸಲ ನಿಲ್ಲಿಸಿ ನೋಡಿದೆ. ಅಪ್ಪ ಪಕ್ಕದ ಸೀಟಿನಲ್ಲಿದ್ದರು.

ಸೋಮವಾರ ಮುಂಡಗೋಡದಿಂದ ಬರುವಾಗ ತಂಗಿ ಯಲ್ಲಾಪುರ ದಾಟುವ ಮೊದಲೇ ನಿದ್ದೆ ಹೋದಳು. ಕಾಡಿನ ಒಂದು ತಿರುವಿನಲ್ಲಿ ಎಮ್ಮೆಗಳ ಹಿಂಡು ಅಡ್ಡ ಬಂತು. ಬ್ರೇಕ್ ಒತ್ತಿದೆ. ಕಾರು ನೆಟ್ಟಗೆ ನಿಂತಿತು. ಅವಳಿಗೆ ಎಚ್ಚರವಾಗಲಿಲ್ಲ.

ಟ್ರಂಕು ಈಗ ಮತ್ತೆ ಕಟ್ಟೆಯ ಮೇಲಿದೆ. ಗುಂಡಗಾದ ಬೋಲ್ಟನ್ನು ಅಪ್ಪ ಅದರೊಳಗೇ ಇಟ್ಟುಕೊಂಡಿದ್ದಾರೆ. ಮೊನ್ನೆ ಬಸಿಯಲ್ಲಿ ಚಹಾ ಕುಡಿಯುತ್ತ ಕೇಳಿದರು, ‘ಹಿಂದಿನ ಡ್ರಮ್ ಯಾವಾಗ ಬಿಚ್ಚೋದು?’

ಬರುವ ರವಿವಾರ ಅಂದಿದ್ದೇನೆ. ಎಣ್ಣೆ ಮಾತ್ರ ಶನಿವಾರವೇ ಬಿಡುವುದು ಅಂತ ಮಾತಾಗಿದೆ.