ಏಳು ಪೈಸೆಯ ವಿದ್ಯುತ್ತು

ನಾಲ್ಕು ವರ್ಷಗಳ ಹಿಂದೆ ದಮ್ಮಾಮ್‌ನಿಂದ ರಜೆಯಲ್ಲಿ ಊರಿಗೆ ಬಂದಿದ್ದ ಹಳೆಯ ಶಿಷ್ಯನೊಬ್ಬನು ನನ್ನ ಕೈಗೆ ಸಣ್ಣದೊಂದು ಪೆಟ್ಟಿಗೆಯನ್ನಿತ್ತನು. ಖರ್ಜೂರವಿರಬಹುದೆಂದುಕೊಂಡೆ. ಬಿಚ್ಚಿ ನೋಡಿದರೆ ಅಂಗೈಯಗಲದ, ಕಪ್ಪು ಲೋಹದ ಹೊದಿಕೆಯ ಸಾಧನವೊಂದಿತ್ತು. ಒಂದು ಬದಿಯಲ್ಲಿ ತಿರುಗಿಸುವ ಗುಂಡಿ, ಎರಡು ತೂತುಗಳು, ಮತ್ತೊಂದು ಬದಿಯಲ್ಲಿ ಚಾರ್ಜಿಂಗ್ ತಂತಿಯ ಬಾಯಿ.

“ಉಸ್ತಾದರೇ, ಇದು ಹೆಡ್‌ಫೋನ್ ಆಂಪ್ಲಿಫೈಯರ್. ನೀವು ಹಳೆಯ ಕಾರಿಗಳ ಕಿರಾಅತ್ ಕೇಳುವಾಗ ಮೊಬೈಲಿನ ದನಿ ಸಾಲದು ಎನ್ನುತ್ತಿದ್ದಿರಲ್ಲ, ಅದಕ್ಕೆ ತಂದೆ” ಎಂದನು.

ದನಿ ಸಾಲದು ಎಂದು ನಾನು ಹೇಳುತ್ತಿದ್ದುದು ನಿಜ. ಸಾಲದಿರುವುದು ಮೊಬೈಲಿನ ದನಿಯೋ ನನ್ನ ಕಿವಿಯೋ ಎಂದು ಅವನೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ತಜ್ವೀದ್ ಕಲಿಸುವವನಿಗೆ ಕೇಳುವುದೇ ಅರ್ಧ ಓದು. ಈಜಿಪ್ಟಿನ ಶೈಖ್ ಮಹ್ಮೂದ್ ಖಲೀಲ್ ಅಲ್-ಹುಸರೀ ಅವರ ಸಂಪೂರ್ಣ ಕುರ್‌ಆನ್ ಪಾರಾಯಣದ ಧ್ವನಿಮುದ್ರಣ 1961ರಲ್ಲಿ ಹೊರಬಂದಿತು. ಸಮಗ್ರ ಕುರ್‌ಆನನ್ನು ಮುರತ್ತಲ್ ಶೈಲಿಯಲ್ಲಿ ಹೀಗೆ ಮುದ್ರಿಸಿದ್ದು ಅದೇ ಮೊದಲು. ಅಕ್ಷರಗಳ ಉಚ್ಚಾರಣಾ ಸ್ಥಾನವನ್ನು ಕಲಿಯಬಯಸುವವರಿಗೆ ಅದು ಇಂದಿಗೂ ಪಾಠಶಾಲೆ. ಆದರೆ ಆ ಕಾಲದ ಮುದ್ರಣದಲ್ಲಿ ದನಿ ತಗ್ಗು, ಹಿನ್ನೆಲೆಯಲ್ಲಿ ಸಣ್ಣಗೆ ಉಸುರಿನಂಥ ಸದ್ದು. ನಮ್ಮ ಮನೆಯದೋ ತಗಡಿನ ಮಾಡು. ಆಷಾಢದ ಮಳೆ ಹಿಡಿಯಿತೆಂದರೆ ಪಕ್ಕದಲ್ಲಿರುವವರ ಮಾತೇ ಕೇಳಿಸದು. ಆ ಸಾಧನ ನನಗೆ ಅಲ್ಲಾಹನ ಅನುಗ್ರಹವಾಗಿಯೇ ಕಂಡಿತು.

ಬಳಸುವ ಕ್ರಮವನ್ನು ಶಿಷ್ಯನೇ ಹೇಳಿಕೊಟ್ಟನು. ಮೊಬೈಲಿನ ದನಿಯನ್ನು ಪೂರ್ತಿ ಏರಿಸಬಾರದು, ಮುಕ್ಕಾಲಿನಷ್ಟಿಟ್ಟು ಉಳಿದುದನ್ನು ಆಂಪಿನ ಗುಂಡಿಯಿಂದ ಸರಿಪಡಿಸಿಕೊಳ್ಳಬೇಕು. ಹೆಡ್‌ಫೋನ್ ಚುಚ್ಚುವ ಮೊದಲು ಗುಂಡಿಯನ್ನು ತೀರಾ ಕೆಳಗಿಳಿಸಬೇಕು, ಇಲ್ಲದಿದ್ದರೆ ಮೊದಲ ಬಿಸ್ಮಿಯೇ ಕಿವಿಗೆ ಪೆಟ್ಟಾಗಿ ಬಂದೀತು. ಬದಿಯಲ್ಲಿ ‘ಗೇನ್’ ಎಂಬ ಪುಟ್ಟ ಸ್ವಿಚ್ಚಿದೆ, ಸಾಮಾನ್ಯ ಇಯರ್‌ಫೋನಿಗೆ ಅದನ್ನು ಕೆಳಗಿನ ಮಟ್ಟದಲ್ಲೇ ಇಡಬೇಕು. ಮೇಲಿನ ಮಟ್ಟವಿರುವುದು ಸ್ಟುಡಿಯೋಗಳಲ್ಲಿ ಬಳಸುವಂಥ, 250–300 ಓಮ್ ರೋಧವಿರುವ ದೊಡ್ಡ ಹೆಡ್‌ಫೋನುಗಳಿಗೆ. ನನ್ನದು 32 ಓಮಿನದು. ಆದರೂ ಕೆಲವು ತಿಂಗಳು ಕಳೆಯುವಷ್ಟರಲ್ಲಿ ನಾನು ಸ್ವಿಚ್ಚನ್ನು ಮೇಲಕ್ಕೆ ತಳ್ಳಿಯಾಗಿತ್ತು. ಅದನ್ನು ಯಾರಿಗೂ ಹೇಳಲಿಲ್ಲ.

ಚಾರ್ಜ್ ಮಾಡುವ ವಿಷಯದಲ್ಲಿ ಮಾತ್ರ ನಾನು ಬಹಳ ಶಿಸ್ತಿನವನಾಗಿದ್ದೆ. ಒಳಗಿರುವುದು ಮೊಬೈಲಿನಲ್ಲಿರುವಂಥದೇ ಲಿಥಿಯಂ ಬ್ಯಾಟರಿ. ಅದಕ್ಕೆ ಬಿಸಿಲು ಆಗದು, ಸ್ಕೂಟರಿನ ಡಿಕ್ಕಿಯಲ್ಲಿ ಮಧ್ಯಾಹ್ನವಿಡೀ ಬಿಡಬಾರದು. ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಪೂರ್ತಿ ಬರಿದಾಗಿಯೂ ಅಲ್ಲ, ಪೂರ್ತಿ ತುಂಬಿಯೂ ಅಲ್ಲ, ಅರ್ಧದಷ್ಟು ಚಾರ್ಜಿನಲ್ಲಿಡುವುದು ಒಳ್ಳೆಯದು. ಹೊದಿಕೆ ಉಬ್ಬಿದರೆ ಮತ್ತೆ ಚಾರ್ಜಿಗೆ ಹಾಕಲೇಬಾರದು. ನನ್ನ ಸಾಧನದಲ್ಲಿ ಚಾರ್ಜ್ ಆಗುವಾಗ ಕೆಂಪು ದೀಪ, ತುಂಬಿದಾಗ ಹಸಿರು. ಚಾರ್ಜಿಗೆ ಹಾಕಿಕೊಂಡೇ ಕೇಳಲು ಹೋದರೆ ಕಿರಾಅತಿನ ಹಿಂದೆ ಜೀರುಂಡೆಯಂತೆ ಒಂದು ಕೊರೆಯುವ ಸದ್ದು ಸೇರಿಕೊಳ್ಳುತ್ತಿತ್ತು. ಅಡಾಪ್ಟರಿನಿಂದ ನುಸುಳುವ ಸದ್ದು ಅದು. ತಂತಿ ಕಿತ್ತರೆ ಮಾಯ. ಆದ್ದರಿಂದ ಇಶಾ ನಮಾಝಿನ ನಂತರ ಚಾರ್ಜಿಗಿಡುವುದು, ಸುಬಹಿಗೆ ಎದ್ದಾಗ ತೆಗೆಯುವುದು ರೂಢಿಯಾಯಿತು.

ಆ ವರ್ಷದ ರಮಝಾನಿನ ಕೊನೆಯ ಹತ್ತರಲ್ಲಿ ನಾನು ಇಅ್‌ತಿಕಾಫ್ ಕುಳಿತೆ. ಸಾಧನವೂ ಜೊತೆಗಿತ್ತು. ಎರಡನೆಯ ದಿನ ಬ್ಯಾಟರಿ ಮುಗಿಯಿತು. ಮಸೀದಿಯ ಹಿಂದಿನ ಗೋಡೆಯಲ್ಲಿ ಪ್ಲಗ್ ಇದೆ, ಯುವಕರ ಮೊಬೈಲುಗಳು ಅಲ್ಲಿ ಸಾಲಾಗಿ ನೇತಾಡುತ್ತಿದ್ದವು. ನನ್ನ ಕೈ ಮಾತ್ರ ಅಲ್ಲಿಗೆ ಹೋಗಿ ನಿಂತಿತು. ಈ ವಿದ್ಯುತ್ತು ವಕ್ಫಿನದು. ಜಮಾಅತಿನ ಬಡವನೊಬ್ಬನು ಶುಕ್ರವಾರ ಡಬ್ಬಿಗೆ ಹಾಕಿದ ಹತ್ತು ರೂಪಾಯಿಯೂ ಮೆಸ್ಕಾಂ ಬಿಲ್ಲಿನಲ್ಲಿ ಸೇರಿದೆ. ಅದನ್ನು ನನ್ನ ಸ್ವಂತದ ಸಾಧನಕ್ಕೆ ಹರಿಸಿಕೊಳ್ಳಬಹುದೇ?

ಖಲೀಫಾ ಉಮರ್ ಬಿನ್ ಅಬ್ದುಲ್ ಅಝೀಝ್(ರ)ರ ದೀಪದ ಪ್ರಸಂಗವನ್ನು ನಾವೆಲ್ಲ ಮದ್ರಸಾದಲ್ಲಿ ಕೇಳಿ ಬೆಳೆದವರು. ರಾಜ್ಯದ ಕೆಲಸ ಮುಗಿದು ಮಾತು ಮನೆಯ ವಿಷಯಕ್ಕೆ ತಿರುಗಿದೊಡನೆ ಖಜಾನೆಯ ಎಣ್ಣೆಯ ದೀಪವನ್ನಾರಿಸಿ ಸ್ವಂತದ ದೀಪ ಹಚ್ಚಿದರೆಂಬ ಪ್ರಸಂಗ. ಅದನ್ನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳಿದವನಿಗೆ ಆ ರಾತ್ರಿ ಎಣ್ಣೆಯ ಬದಲು ಪ್ಲಗ್ ಎದುರಾಯಿತು, ಅಷ್ಟೆ.

ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಬ್ಯಾಟರಿಯ ಮೇಲೆ 3.7 ವೋಲ್ಟ್, 1800 ಮಿಲಿಆಂಪಿಯರ್-ಅವರ್ ಎಂದು ಬರೆದಿತ್ತು. ಗುಣಿಸಿದರೆ ಸುಮಾರು ಆರೂಮುಕ್ಕಾಲು ವಾಟ್-ಅವರ್. ಅಡಾಪ್ಟರಿನಲ್ಲಿ ಶಾಖವಾಗಿ ಹೋಗುವುದನ್ನೂ ಸೇರಿಸಿ ಒಂಬತ್ತು ಎನ್ನೋಣ. ಒಂದು ಯೂನಿಟ್ ಎಂದರೆ 1000 ವಾಟ್-ಅವರ್. ನೂರಕ್ಕೂ ಹೆಚ್ಚು ಸಲ ಪೂರ್ತಿ ತುಂಬಿದರೆ ಒಂದು ಯೂನಿಟ್ ಆದೀತು. ಯೂನಿಟಿಗೆ ಏಳು ರೂಪಾಯಿಯೆಂದಿಟ್ಟುಕೊಂಡರೂ ಒಂದು ಸಲಕ್ಕೆ ಏಳು ಪೈಸೆಗಿಂತ ಕಡಿಮೆ.

ಏಳು ಪೈಸೆಯಾದರೂ ಪರರದು ಪರರದೇ. ಖತೀಬರನ್ನು ಕೇಳಿದೆ. ಅವರು ನಕ್ಕು, “ಕಮಿಟಿಯ ಒಪ್ಪಿಗೆ ಕೇಳಿ, ಮನಸ್ಸಿಗೆ ಸಮಾಧಾನವಾಗುವಷ್ಟನ್ನು ಡಬ್ಬಿಗೆ ಹಾಕಿ” ಎಂದರು. ಅಧ್ಯಕ್ಷರ ಒಪ್ಪಿಗೆ ಪಡೆದು ನೂರು ರೂಪಾಯಿ ಹಾಕಿದೆ. ಇದನ್ನು ಫತ್ವಾ ಎಂದು ಯಾರೂ ತಿಳಿಯಬಾರದು, ನಾನು ನಡೆದುಕೊಂಡ ಬಗೆಯನ್ನಷ್ಟೇ ಹೇಳುತ್ತಿದ್ದೇನೆ. ಆ ರಾತ್ರಿ ಹಸಿರು ದೀಪ ಹೊತ್ತಿದಾಗ ನನ್ನ ಎದೆಯಲ್ಲೊಂದು ತೃಪ್ತಿ ಮೂಡಿತ್ತೆಂಬುದನ್ನೂ ಮರೆಮಾಚಲಾರೆ. ನಾನೆಷ್ಟು ಎಚ್ಚರದವನು ಎಂಬ ತೃಪ್ತಿ. ಯುವಕರ ಮೊಬೈಲುಗಳ ಕಡೆಗೊಂದು ನೋಟವನ್ನೂ ಬೀರಿದ್ದೆ.

ಶವ್ವಾಲಿನಲ್ಲಿ ಮದ್ರಸಾ ಮತ್ತೆ ತೆರೆಯಿತು. ಒಂದು ಬೆಳಗ್ಗೆ ಒಂಬತ್ತು ವರ್ಷದ ಹುಡುಗಿಯೊಬ್ಬಳು ಸೂರಃ ಅಲ್-ಕೌಸರ್ ಒಪ್ಪಿಸುತ್ತಿದ್ದಳು. ಮೊದಲ ಆಯತಿನ ಕೊನೆಯ ಅಕ್ಷರಗಳ ಬಳಿ ನಾನು ತಡೆದೆ. “ಸರಿಯಿಲ್ಲ, ಮತ್ತೆ ಓದು.”

ಇಲ್ಲಿ ಒಂದು ಮಾತು ಹೇಳಲೇಬೇಕು. ಅರಬಿಯಲ್ಲಿ ಸಾ, ಸೀನ್, ಸ್ವಾದ್ ಎಂಬ ಮೂರು ಬೇರೆ ಅಕ್ಷರಗಳಿವೆ. ಕನ್ನಡ ಲಿಪಿಯಲ್ಲಿ ಬರೆಯುವಾಗ ನಾವು ಮೂರಕ್ಕೂ ಒಂದೇ ‘ಸ’ಕಾರವನ್ನು ಹಾಕಿ ಮುಂದೆ ಹೋಗುತ್ತೇವೆ. ಹಳಗನ್ನಡದಲ್ಲಿದ್ದ ಱ ಮತ್ತು ೞ ಹೋದ ಬಗೆಯೂ ಇಂಥದೇ ಅಲ್ಲವೇ ಎಂದು ಬಿ.ಎ. ತರಗತಿಯಲ್ಲಿ ಕುಳಿತಾಗ ನನಗನ್ನಿಸಿತ್ತು. ಕಿವಿ ಭೇದವನ್ನು ಬಿಟ್ಟಿತು, ಬಳಿಕ ಲೇಖನಿ ಅಕ್ಷರವನ್ನು ಬಿಟ್ಟಿತು. ಕುರ್‌ಆನಿನ ಓದಿನಲ್ಲಿ ಹಾಗೆ ಬಿಡುವಂತಿಲ್ಲ. ಆ ಸೂರಃದ ಹೆಸರಿನಲ್ಲಿರುವುದು ಸಾ. ನಾಲಿಗೆಯ ತುದಿ ಮೇಲಿನ ಮುಂದಿನ ಹಲ್ಲುಗಳ ಅಂಚಿಗೆ ತಾಗಿ, ಉಸಿರು ಮೆಲ್ಲಗೆ ಹೊರಬರಬೇಕು. ನಮ್ಮ ಮಕ್ಕಳು ಅದನ್ನು ಸೀನ್ ಮಾಡಿಬಿಡುವುದೇ ಹೆಚ್ಚು.

ಅವಳು ಮತ್ತೆ ಓದಿದಳು. ನನಗೆ ತೃಪ್ತಿಯಾಗಲಿಲ್ಲ. ಮೂರನೆಯ ಸಲ ಓದಿದಳು. ನಾಲ್ಕನೆಯ ಸಲ ಅವಳ ದನಿ ನಡುಗಿತು, ನಾನು ತಪ್ಪೆಂದಿದ್ದನ್ನು ಬದಲಿಸಲು ಹೋಗಿ ಸ್ಪಷ್ಟವಾದ ಸೀನ್ ಹೇಳಿಬಿಟ್ಟಳು. “ಹಾಂ, ಈಗ ತುಸು ಪರವಾಗಿಲ್ಲ” ಎಂದೆ.

ಹಿಂದಿನ ಸಾಲಿನಿಂದ ಹುಡುಗನೊಬ್ಬನು ಎದ್ದು ನಿಂತು, “ಉಸ್ತಾದ್, ಅವಳು ಮೊದಲು ಓದಿದ್ದೇ ಸರಿಯಿತ್ತು” ಎಂದನು. “ನಿನ್ನನ್ನು ಯಾರು ಕೇಳಿದರು? ಕುಳಿತುಕೋ” ಎಂದು ಗದರಿದೆ. ತರಗತಿ ಸ್ತಬ್ಧವಾಯಿತು. ಹುಡುಗಿ ತಲೆವಸ್ತ್ರದ ಅಂಚಿನಿಂದ ಕಣ್ಣೊರೆಸಿಕೊಂಡಳು.

ಮನೆಗೆ ಬಂದವನು ಮಗನ ಮೊಬೈಲಿನಲ್ಲಿ ಅದೇ ಸೂರಃವನ್ನು ಹಾಕಿ, ಒಂದು ಸಲ ಬಲಗಿವಿಯಲ್ಲಿ, ಒಂದು ಸಲ ಎಡಗಿವಿಯಲ್ಲಿ ಕೇಳಿದೆ. ಬಲಗಿವಿಯಲ್ಲಿ ಸಾ ಇತ್ತು. ಎಡಗಿವಿಯಲ್ಲಿ ಅಲ್ಲೊಂದು ಮಸುಕು, ಅಷ್ಟೇ. ಹೆಂಡತಿ ಬಾಗಿಲಲ್ಲಿ ನಿಂತು, “ನಾನು ಎರಡು ವರ್ಷದಿಂದ ಹೇಳುತ್ತಿಲ್ಲವೇ, ಎಡಗಡೆಯಿಂದ ಕರೆದರೆ ನಿಮಗೆ ಕೇಳಿಸುವುದಿಲ್ಲ ಎಂದು” ಎಂದಳು. ಹೇಳಿದ್ದಳೇನೋ. ಎಡಗಡೆಯಿಂದ ಹೇಳಿರಬೇಕು.

ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಪರೀಕ್ಷೆ ಮಾಡಿಸಿದೆ. ಸದ್ದು ಹೊಗದ ಕೋಣೆಯಲ್ಲಿ ಕೂರಿಸಿ, 250 ಹರ್ಟ್ಸ್‌ನಿಂದ 8000 ಹರ್ಟ್ಸ್‌ವರೆಗೆ ಒಂದೊಂದೇ ಸ್ವರವನ್ನು ಕೇಳಿಸುತ್ತಾರೆ, ಕೇಳಿಸಿದಾಗ ಗುಂಡಿಯೊತ್ತಬೇಕು. ಹಾಳೆಯಲ್ಲಿ ಎಡಗಿವಿಯ ನೀಲಿ ಗೆರೆ ಕೆಳಸ್ವರಗಳಲ್ಲಿ ನೆಟ್ಟಗಿದ್ದು, 4000 ಹರ್ಟ್ಸ್ ಬಳಿ 45 ಡೆಸಿಬೆಲ್‌ಗೆ ಕುಸಿದಿತ್ತು. ಸಕಾರದಂಥ ಉಸಿರಿನ ಅಕ್ಷರಗಳ ಸತ್ವವಿರುವುದು ಆ ಮೇಲಿನ ಸ್ವರಗಳಲ್ಲಿಯೇ. ಅವುಗಳಲ್ಲಿ ಸೀನಿಗೆ ಬಲ ಹೆಚ್ಚು, ಸಾ ತೀರಾ ಮೃದು. ಮೊದಲು ಮರೆಯಾಗುವುದೂ ಅದೇ.

ಪರೀಕ್ಷಿಸಿದ ತಂಗಿ ತಾಳ್ಮೆಯಿಂದ ವಿವರಿಸಿದಳು. ಒಳಗಿವಿಯ ಶಂಖದಲ್ಲಿ ಸುಮಾರು ಹದಿನೈದು ಸಾವಿರ ಸೂಕ್ಷ್ಮ ರೋಮಕೋಶಗಳಿವೆ, ಸತ್ತರೆ ಮನುಷ್ಯನಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ವಾರಕ್ಕೆ 40 ಗಂಟೆ ಕೇಳುವುದಾದರೆ ದೊಡ್ಡವರಿಗೆ 80 ಡೆಸಿಬೆಲ್, ಮಕ್ಕಳಿಗೆ 75 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೂರು ಡೆಸಿಬೆಲ್ ಏರಿದರೆ ಸುರಕ್ಷಿತ ಅವಧಿ ಅರ್ಧಕ್ಕಿಳಿಯುತ್ತದೆ. 90ರಲ್ಲಿ ಕೇಳಿದರೆ ವಾರಕ್ಕೆ ನಾಲ್ಕು ಗಂಟೆಯಷ್ಟೆ. ನಾನು ಸಾಧನದ ಗುಂಡಿ ಎಲ್ಲಿರುತ್ತದೆಂದು ತೋರಿಸಿದೆ. ಅವಳು ಗೇನ್ ಸ್ವಿಚ್ಚನ್ನು ನೋಡಿ ಸುಮ್ಮನಾದಳು. ನನ್ನ ಕಿವಿ ಕೆಟ್ಟದ್ದು ಇದರಿಂದಲೇ ಎಂದು ಹೇಳಲಾಗದು, ವಯಸ್ಸೂ ಇರಬಹುದು, ಮುಂಚೆಯೇ ಆರಂಭವಾಗಿರಲೂಬಹುದು ಎಂದಳು. ಆದರೆ ಇದು ಎಲ್ಲ ಸ್ವರಗಳನ್ನೂ ಒಟ್ಟಿಗೆ ಎತ್ತುತ್ತದೆ. ಕಳೆದುಹೋದ ಸ್ವರವನ್ನಷ್ಟೇ ಎತ್ತಿಕೊಡುವುದು ಪರೀಕ್ಷೆಯ ಗೆರೆಗೆ ಹೊಂದಿಸಿದ ಶ್ರವಣಯಂತ್ರ. ಇದರ ದನಿ ಏರಿಸಿದಷ್ಟೂ ಉಳಿದಿರುವ ಕೋಶಗಳಿಗೇ ಪೆಟ್ಟು.

ಬಸ್ಸಿನಲ್ಲಿ ಮರಳುವಾಗ ನೆನಪಾದದ್ದು ಸೂರಃ ಬನೀ ಇಸ್ರಾಈಲ್. ಮನುಷ್ಯನ ಯಾವ ಯಾವ ಅಂಗಗಳ ಬಗ್ಗೆ ವಿಚಾರಣೆಯಿದೆ ಎಂದು ತಿಳಿಸುವ ಆಯತಿನಲ್ಲಿ ಕಿವಿಯೇ ಮೊದಲು ಬರುತ್ತದೆ, ಕಣ್ಣು ಮತ್ತು ಹೃದಯ ಅನಂತರ. ಏಳು ಪೈಸೆಗೆ ಖತೀಬರ ಬಳಿಗೂ ಅಧ್ಯಕ್ಷರ ಬಳಿಗೂ ಹೋಗಿದ್ದವನು ನಾನು. ಆ ಏಳು ಪೈಸೆಯ ವಿದ್ಯುತ್ತಿನಿಂದಲೇ ಅಲ್ಲಾಹನು ಬಾಡಿಗೆಯಿಲ್ಲದೆ ಕೊಟ್ಟ ಕಿವಿಗೆ ಪ್ರತಿರಾತ್ರಿ ಪೆಟ್ಟು ಕೊಡುತ್ತಿದ್ದೆ. ಕೇಳುತ್ತಿದ್ದುದು ಕುರ್‌ಆನ್ ಆದ್ದರಿಂದ ಹಾನಿಯಾಗದೆಂದು ಒಳಗೊಳಗೇ ನಂಬಿದ್ದೆನೋ ಏನೋ. ಡೆಸಿಬೆಲ್ಲಿಗೆ ಆ ಭೇದವಿಲ್ಲ. ಇದಕ್ಕಿಂತ ಭಾರವಾದದ್ದು ಇನ್ನೊಂದಿತ್ತು. ತಂದೆತಾಯಂದಿರು ಸುಬಹಿನ ಕತ್ತಲಲ್ಲಿ ಮಕ್ಕಳನ್ನೆಬ್ಬಿಸಿ ಕಳುಹಿಸುವುದು ನನ್ನ ಕಿವಿಯನ್ನು ನಂಬಿ. ಎಷ್ಟು ಮಕ್ಕಳ ತಪ್ಪಿಗೆ ತಲೆಯಾಡಿಸಿದ್ದೇನೆ, ಎಷ್ಟು ಮಕ್ಕಳ ಸರಿಯನ್ನು ತಪ್ಪಾಗಿಸಿದ್ದೇನೆ?

ಮೂರು ವಾರ ಯಾರಿಗೂ ಹೇಳಲಿಲ್ಲ. ಕೆಲಸದ ಭಯ. ಉಸ್ತಾದನ ಸಂಬಳ ಎಷ್ಟೆಂಬುದು ಓದುಗರಿಗೆ ತಿಳಿದದ್ದೇ, ಅದೂ ಹೋದರೆ? ಕಿವಿ ಕೇಳದ ತಜ್ವೀದ್ ಉಸ್ತಾದನನ್ನು ಯಾವ ಜಮಾಅತ್ ಇಟ್ಟುಕೊಂಡೀತು? ಬಲಗಿವಿ ಇದೆಯಲ್ಲ, ಮಕ್ಕಳನ್ನು ಬಲಕ್ಕೆ ಕೂರಿಸಿದರಾಯಿತು ಎಂದು ಸಮಾಧಾನ ಹೇಳಿಕೊಂಡೆ. ಕೂರಿಸಿಯೂ ನೋಡಿದೆ. ಮೂವತ್ತು ಮಕ್ಕಳ ಗದ್ದಲದಲ್ಲಿ ಒಂದು ಕಿವಿ ಸಾಲದು.

ಒಂದು ಶುಕ್ರವಾರ ಜುಮುಅದ ನಂತರ ಅಧ್ಯಕ್ಷರಿಗೂ ಸದರ್ ಉಸ್ತಾದರಿಗೂ ಹಾಳೆಯನ್ನು ತೋರಿಸಿದೆ. ಅಧ್ಯಕ್ಷರು ಅದನ್ನು ಸ್ವಲ್ಪ ಹೊತ್ತು ತಲೆಕೆಳಗಾಗಿ ಹಿಡಿದು ನೋಡಿದರು. ಬಳಿಕ, “ಉಸ್ತಾದರೇ, ಅಂದು ಏಳು ಪೈಸೆಗೆ ಓಡಿ ಬಂದವರು ಇದಕ್ಕೆ ಇಷ್ಟು ತಡ ಮಾಡಿದಿರಾ?” ಎಂದರು. ಬೈಗುಳದ ದನಿಯಲ್ಲಿರಲಿಲ್ಲ ಅದು, ಆದರೂ ಚುಚ್ಚಿತು. ಫಿಕ್ಹ್ ಮತ್ತು ಚರಿತ್ರೆಯ ಪಾಠಗಳು ನನಗೆ, ಅಕ್ಷರದ ಪಾಠ ಒಪ್ಪಿಸುವುದು ಕಿರಿಯ ಉಸ್ತಾದರಿಗೆ ಎಂದು ತೀರ್ಮಾನವಾಯಿತು. ಈಗ ಎಡಗಿವಿಗೆ ಶ್ರವಣಯಂತ್ರವಿದೆ. ಅದನ್ನೂ ಚಾರ್ಜಿಗಿಡಬೇಕು, ಇಶಾದ ನಂತರ ಆಂಪಿನ ಪಕ್ಕದಲ್ಲೇ ಇಡುತ್ತೇನೆ. ಆಂಪನ್ನು ಬಿಟ್ಟಿಲ್ಲ. ಗೇನ್ ಕೆಳಗಿದೆ, ಮೊಬೈಲಿನಲ್ಲಿ ಅರ್ಧ ಗಂಟೆಗೆ ಅಲಾರಂ ಇದೆ, ಮಳೆ ಜೋರಾದರೆ ದನಿ ಏರಿಸುವುದಿಲ್ಲ, ಕೇಳುವುದನ್ನೇ ಮರುದಿನಕ್ಕಿಡುತ್ತೇನೆ.

ಆ ಹುಡುಗಿಯ ಲೆಕ್ಕ ಮಾತ್ರ ಬಾಕಿಯಿತ್ತು. ಎಲ್ಲರೆದುರು ಅವಮಾನಿಸಿದ್ದವನು ಕ್ಷಮೆಯನ್ನು ಗುಟ್ಟಾಗಿ ಕೇಳುವಂತಿರಲಿಲ್ಲ. ಸೋಮವಾರ ತರಗತಿಯಲ್ಲಿ, ಅಂದು ಅವಳು ಓದಿದ್ದು ಸರಿಯಿತ್ತು, ತಪ್ಪು ನನ್ನ ಕಿವಿಯದು, ಎದ್ದು ಹೇಳಿದ ಹುಡುಗನನ್ನು ಗದರಿದ್ದೂ ತಪ್ಪು ಎಂದು ಹೇಳಿದೆ. ಮಕ್ಕಳಿಗೆ ಏನು ಮಾಡಬೇಕೆಂದೇ ತೋಚಲಿಲ್ಲ. ಹುಡುಗ ನೆಲ ನೋಡುತ್ತಾ ಕುಳಿತನು. ಹುಡುಗಿ ಮಾತ್ರ, “ಹಾಗಾದರೆ ಈಗ ಮತ್ತೆ ಓದಲೇ, ಉಸ್ತಾದ್?” ಎಂದು ಕೇಳಿದಳು.

ಕಿರಿಯ ಉಸ್ತಾದರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಅವಳು ಬಿಸ್ಮಿ ಹೇಳಿ ಆರಂಭಿಸಿದಳು. ನಾನು ಅವಳ ಬಾಯಿಯನ್ನೇ ನೋಡುತ್ತಿದ್ದೆ. ಆಯತಿನ ಕೊನೆಗೆ ಬಂದಾಗ ನಾಲಿಗೆಯ ತುದಿ ಹಲ್ಲುಗಳ ಅಂಚಿನಲ್ಲಿ ಕ್ಷಣಕಾಲ ಕಾಣಿಸಿ ಒಳಸರಿಯಿತು. ಕಿರಿಯ ಉಸ್ತಾದರು ತಲೆಯಾಡಿಸಿದರು.