ನಡುವೆ ಇಟ್ಟ ತಟ್ಟೆ

ಮಲೇಷ್ಯಾದ ನಿಲಾಯ್‌ನಲ್ಲಿ ಶನಿವಾರ ರಾತ್ರಿ ಎಂದರೆ ನಮಗೆ ಮಾಮಾಕ್ ಅಂಗಡಿ. ತಮಿಳು ಮೂಲದ ಮುಸಲ್ಮಾನರ ಹೋಟೆಲುಗಳಿಗೆ ಇಲ್ಲಿ ಈ ಹೆಸರು. ಮಾಮ ಎಂಬ ತಮಿಳು ಮಾತಿನಿಂದ ಬಂದದ್ದು, ನಮ್ಮ ಮಾವನಿಗೂ ನೆಂಟ. ತಿಂಡಿ ತಂದುಕೊಡುವವನನ್ನು ಮಲಯರು, ಚೀನೀಯರು ಕೂಡ ‘ಅಣ್ಣೇ’ ಎಂದು ಕರೆಯುತ್ತಾರೆ. ಮೊದಲ ಸಲ ಅದು ಕಿವಿಗೆ ಬಿದ್ದಾಗ ಊರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಹಾಗಾಯಿತು ನನಗೆ.

ನಾವು ನಾಲ್ವರು. ಸಿಹಿ ಕಮ್ಮಿ ಇರಲಿ ಎನ್ನಲು ‘ತೆಹ್ ತಾರಿಕ್ ಕುರಾಂಗ್ ಮಾನಿಸ್’ ಎಂದರೆ ಸಾಕು, ಎತ್ತಿ ಸುರಿದು ನೊರೆ ಬರಿಸಿದ ಚಹಾ ಒಬ್ಬೊಬ್ಬರಿಗೆ ಒಂದೊಂದು ಗ್ಲಾಸು ಬರುತ್ತದೆ. ಚೀಸ್ ನಾನ್ ಮಾತ್ರ ಒಂದೇ ತಟ್ಟೆ. ತಂದೂರಿನಿಂದ ಈಗಷ್ಟೇ ತೆಗೆದದ್ದು, ಒಳಗೆಲ್ಲ ಕರಗಿದ ಚೀಸು. ತುಂಡು ಎಳೆದರೆ ದಾರ ಬಿಡುತ್ತದೆ, ಪಕ್ಕದವನು ಬೆರಳಿನಿಂದ ಕತ್ತರಿಸಿ ಕೊಡಬೇಕು. ಒಮ್ಮೆ ಗೆಳೆಯನೊಬ್ಬ ಯುರೋಪಿನವರ ಹಾಗೆ ಮರದ ಹಲಗೆಯ ಮೇಲೆ ನಾಲ್ಕು ಬಗೆ ಚೀಸ್ ಜೋಡಿಸಿ ಮನೆಗೆ ಕರೆದಿದ್ದ. ಇಲ್ಲಿಯ ಸೆಕೆಗೆ ಬ್ರೀ ಅರ್ಧ ಗಂಟೆಯಲ್ಲಿ ಹರಿದು ಹಲಗೆ ದಾಟಿತು. ರುಚಿಯಾಗಿತ್ತು, ಆದರೆ ಬಿಸಿ ನಾನಿನ ಮುಂದೆ ನಾನು ಅದನ್ನು ಇಡಲಾರೆ.

ಸಸ್ಯಾಹಾರಿಗಳು ಒಂದು ಮಾತು ನೆನಪಿಡಬೇಕು. ಹಾಲು ಹೆಪ್ಪುಗಟ್ಟಿಸುವ ರೆನೆಟ್ ಕರುವಿನ ಹೊಟ್ಟೆಯದೂ ಇರಬಹುದು, ಸೂಕ್ಷ್ಮಜೀವಿಗಳಿಂದ ತೆಗೆದದ್ದೂ ಇರಬಹುದು. ಇಲ್ಲಿಯ ಹಲಾಲ್ ಮುದ್ರೆ ನಮ್ಮ ಹಸಿರು ಚುಕ್ಕೆಯಲ್ಲ. ನಾನು ಕೇಳಿಯೇ ತಿನ್ನುತ್ತೇನೆ.

ಚೀಸಿಗೆ ಕನ್ನಡದಲ್ಲಿ ಗಿಣ್ಣು ಎಂದು ಬರೆಯುವವರಿದ್ದಾರೆ. ಮಾಡುವ ರೀತಿ ನೋಡಿದರೆ ಅದು ಸರಿಯಲ್ಲ. ಗಿಣ್ಣಿಗೆ ರೆನೆಟ್ ಬೇಡ, ಹುಳಿಯೂ ಬೇಡ. ಈದ ಹಸುವಿನ ಮೊದಲ ಹಾಲಿನಲ್ಲಿ ಪ್ರೋಟೀನು ಎಷ್ಟಿರುತ್ತದೆಂದರೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿಟ್ಟರೆ ತಾನೇ ಗಟ್ಟಿಯಾಗುತ್ತದೆ. ಆದರೂ ಆ ಹೆಸರು ನನಗೆ ಇಷ್ಟ. ಗಿಣ್ಣನ್ನು ನಮ್ಮಮ್ಮ ಎಂದೂ ಮನೆಗಷ್ಟೇ ಮಾಡಲಿಲ್ಲ. ಸಣ್ಣ ಸಣ್ಣ ಬಟ್ಟಲುಗಳಲ್ಲಿ ಅಕ್ಕಪಕ್ಕದ ಮನೆಗಳಿಗೆ ನಾನೇ ಹೊತ್ತುಕೊಂಡು ಹೋಗುತ್ತಿದ್ದೆ. ಬಟ್ಟಲು ಬರಿದಾಗಿ ವಾಪಸು ಬರುತ್ತಿರಲಿಲ್ಲ, ಒಂದು ಚಿಟಿಕೆ ಸಕ್ಕರೆಯಾದರೂ ತಳದಲ್ಲಿರುತ್ತಿತ್ತು.

ಬೆಂಗಳೂರಿನಲ್ಲಿ 1983ರಲ್ಲಿ ಜಯನಗರದಿಂದ ಶುರುವಾದ ದರ್ಶಿನಿಗಳು ನಿಂತು ತಿನ್ನುವುದನ್ನು ಕಲಿಸಿದವು. ಬೈಟು ಕಾಫಿಯ ಊರು ಅದು, ಹಂಚಿಕೊಳ್ಳಲು ಅಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಆದರೆ ಹತ್ತು ನಿಮಿಷದಲ್ಲಿ ಇನ್ನೊಬ್ಬರಿಗೆ ಜಾಗ ಬಿಡಬೇಕು. ಗೆಳೆತನಕ್ಕೆ ಕುರ್ಚಿ ಬೇಕು. ಮಾಮಾಕ್ ಅಂಗಡಿಯಲ್ಲಿ ಒಂದು ಗ್ಲಾಸು ಚಹಾ ಇಟ್ಟುಕೊಂಡು ಮಧ್ಯರಾತ್ರಿಯವರೆಗೆ ಕೂತರೂ ಯಾರೂ ಏಳಿ ಎನ್ನುವುದಿಲ್ಲ. ಅಪ್ಪ ತೀರಿಕೊಂಡ ವಾರ ನಾನು ಊರಿಗೆ ಹೋಗಿ ಬಂದ ಮೇಲೆ ಮೂವರೂ ಅಲ್ಲಿ ಸುಮ್ಮನೆ ನನ್ನ ಜೊತೆ ಕೂತಿದ್ದರು. ನಾನ್ ತಣ್ಣಗಾಗಿ ಚೀಸು ಗಟ್ಟಿಯಾಗಿತ್ತು. ಅಂಗಡಿಯ ಅಣ್ಣ ಕೇಳದೆಯೇ ತಟ್ಟೆ ಒಯ್ದು ಬಿಸಿ ಮಾಡಿ ತಂದ.

ನಿಲಾಯ್ ಕಡೆ ಬಂದರೆ ಶನಿವಾರ ಒಂಬತ್ತರ ಮೇಲೆ ಬನ್ನಿ. ಐದನೆಯ ಕುರ್ಚಿ ಎಳೆದು ಹಾಕುತ್ತೇವೆ.